ಕಂಪ್ಯೂಟರ್‌ನಲ್ಲಿ ಟಿವಿ ತಡೆತಡೆದು ಓಡುತ್ತಿದ್ದರೆ ಮಾನಿಟರ್ 50 ಹರ್ಟ್ಸ್‌ಗೆ ಇಡಿ
ಮನೆಯಲ್ಲೇ ಜೋಡಿಸಿದ ಕಂಪ್ಯೂಟರ್‌ಗೆ ಟ್ಯೂನರ್ ಕಾರ್ಡ್ (ಡಿಶ್ ಸಿಗ್ನಲ್ ಹಿಡಿಯುವ ಕಾರ್ಡ್) ಹಾಕಿ ದೂರದರ್ಶನದ ಉಚಿತ ಫ್ರೀ ಡಿಶ್ ನೋಡುವವರು ಮಾನಿಟರ್‌ನ ರಿಫ್ರೆಶ್ ರೇಟನ್ನು, ಅಂದರೆ ಸೆಕೆಂಡಿಗೆ ಪರದೆ ಬದಲಾಗುವ ಸಲವನ್ನು, 60ರಿಂದ 50 ಹರ್ಟ್ಸ್‌ಗೆ ಇಳಿಸಿ. ವಿಂಡೋಸ್‌ನಲ್ಲಿ ಇದು ಅಡ್ವಾನ್ಸ್ಡ್ ಡಿಸ್‌ಪ್ಲೇ ಒಳಗಿದೆ. ಜೊತೆಗೆ ವಿಡಿಯೋ ಪ್ಲೇಯರ್ ವಿಎಲ್‌ಸಿಯಲ್ಲಿ ಡಿಇಂಟರ್ಲೇಸ್ (ಅರ್ಧ ಚಿತ್ರಗಳನ್ನು ಪೂರ್ಣ ಮಾಡುವ ಆಯ್ಕೆ) ಆನ್ ಮಾಡಿ, ಮೋಡ್ ಯಾಡಿಫ್ 2ಎಕ್ಸ್ ಇಡಿ. ಈ ಚಾನೆಲ್‌ಗಳು ಸೆಕೆಂಡಿಗೆ 50 ಫೀಲ್ಡ್ ಕಳಿಸುತ್ತವೆ, ಅಂದರೆ 50 ಅರ್ಧ ಚಿತ್ರ. ಮಾನಿಟರ್ 60 ಸಲ ಬದಲಾದರೆ ಲೆಕ್ಕ ಕೂಡುವುದಿಲ್ಲ. ಐದರಲ್ಲೊಂದು ಚಿತ್ರ ಎರಡು ಸಲ ಬರುತ್ತದೆ, ಸೆಕೆಂಡಿಗೆ ಹತ್ತು ಸಣ್ಣ ತಡೆ. ಚಂದನ ವಾರ್ತೆಯ ಕೆಳಗೆ ಓಡುವ ಅಕ್ಷರಗಳನ್ನು ನೋಡಿ. 60ರಲ್ಲಿ ಒತ್ತಕ್ಷರಗಳು ನಡುಗುತ್ತಾ ಸಾಗುತ್ತವೆ, 50ರಲ್ಲಿ ನೀರಿನ ಹಾಗೆ ಜಾರುತ್ತವೆ. ಇದಕ್ಕಾಗಿ ಸುಮ್ನೆ ಹೊಸ ಗ್ರಾಫಿಕ್ಸ್ ಕಾರ್ಡ್‌ಗೆ ದುಡ್ಡು ಸುರಿಯಬೇಡಿ. ಕೆಲವು ಮಾನಿಟರ್‌ಗಳಲ್ಲಿ 50 ಇರುವುದೇ ಇಲ್ಲ, ಎಚ್‌ಡಿಎಂಐ ಟಿವಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಆದರೆ ಚಿತ್ರ ಚೌಕ ಚೌಕವಾಗಿ ಒಡೆದು ಸದ್ದೂ ಕತ್ತರಿಸುತ್ತಿದ್ದರೆ ಈ ಉಪಾಯ ನಡೆಯುವುದಿಲ್ಲ, ಅದು ಹೆಚ್ಚಾಗಿ ಸಿಗ್ನಲ್ ತೊಂದರೆ. ಫ್ರೀ ಡಿಶ್ ಉಪಗ್ರಹದಿಂದ ಬರುವುದು ಕೆಯು ಬ್ಯಾಂಡ್ ಎಂಬ ರೇಡಿಯೋ ತರಂಗಗಳಲ್ಲಿ, ಜೋರು ಮಳೆ ಅದನ್ನು ತಡೆಯುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆಯ ಆಷಾಢದ ಮಳೆಗೆ ಯಾವ ಸೆಟ್ಟಿಂಗೂ ಸಾಲದು, ಅಲ್ವಾ? ಮಳೆ ನಿಂತ ಮೇಲೂ ಒಡೆಯುತ್ತಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಎಲ್‌ಎನ್‌ಬಿ (ಡಿಶ್ ಮುಂದಿನ ಸಿಗ್ನಲ್ ಹಿಡಿಯುವ ಭಾಗ) ಹತ್ತಿರದ ಕನೆಕ್ಟರ್ ಬಿಚ್ಚಿ ನೋಡಿ. ನಡುವಿನ ತಂತಿ ಕಪ್ಪಾಗಿದ್ದರೆ ಅಥವಾ ಹಸಿರು ಕಟ್ಟಿದ್ದರೆ ನೀರು ಇಳಿದಿದೆ. ಕೇಬಲ್‌ನ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಮೇಲೆ ಟೇಪ್ ಬಿಗಿಯಾಗಿ ಸುತ್ತಿ. ಕೇಬಲ್ ಡಿಶ್‌ನಿಂದ ಸ್ವಲ್ಪ ಕೆಳಕ್ಕೆ ಬಾಗಿ ಬರಲಿ, ಆಗ ನೀರು ಕನೆಕ್ಟರ್ ಕಡೆ ಹೋಗದೆ ಬಾಗಿದಲ್ಲೇ ತೊಟ್ಟಿಕ್ಕುತ್ತದೆ.