ಪುಸ್ತಕ ತೆಗೆಯಿರಿ ಎಂಬ ಅರ್ಜಿ ಬಂದಾಗ: ಶಾಲಾ ಗ್ರಂಥಪಾಲಕಿಯಾಗಿ ನನ್ನ ಅನುಭವ

ನ್ಯೂಜೆರ್ಸಿಯಲ್ಲಿ ಆರರಿಂದ ಎಂಟನೇ ತರಗತಿಯವರೆಗಿನ ಶಾಲೆಯೊಂದರ ಗ್ರಂಥಾಲಯ ನನ್ನ ಹೊಣೆಯಲ್ಲಿದೆ. ಮೈಸೂರಿನಲ್ಲಿ ಗ್ರಂಥಾಲಯ ವಿಜ್ಞಾನ ಓದುವಾಗ, ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ‘ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ’ ಎಂಬ ಎರಡನೆಯ ಸೂತ್ರವನ್ನು ಉಳಿಸಿಕೊಳ್ಳಲು ಎಷ್ಟು ಕಾಗದಪತ್ರ, ಎಷ್ಟು ಸಹನೆ ಬೇಕು ಎಂಬುದು ಮನವರಿಕೆಯಾದದ್ದು ಇಲ್ಲಿ, ಒಂದು ಚಿತ್ರಕಾದಂಬರಿಯನ್ನು ಕಪಾಟಿನಿಂದ ತೆಗೆಯಬೇಕೆಂಬ ಬೇಡಿಕೆ ಬಂದಾಗ. ಪುಸ್ತಕದ ಹೆಸರು ಹೇಳಿದರೆ ಸಂಬಂಧಪಟ್ಟ ಕುಟುಂಬದ ಗುರುತು ಸಿಕ್ಕಿಬಿಡಬಹುದಾದ್ದರಿಂದ ಅದನ್ನು ಬಿಟ್ಟು ಬರೆಯುತ್ತಿದ್ದೇನೆ.

ದೂರು ತಂದವರು ಕನ್ನಡದವರೇ. ಮಗಳು ಆರನೇ ತರಗತಿಯಲ್ಲಿದ್ದಳು. ತಾಯಿ ನನಗೆ ಕನ್ನಡ ಕೂಟದಿಂದ ಪರಿಚಿತರು. ‘ಅಕ್ಕಾ, ನೀವೂ ಹೆಣ್ಣುಮಗಳನ್ನ ಬೆಳೆಸಿದವರು. ಇಂಥದ್ದನ್ನ ಮಕ್ಕಳ ಕೈಗೆ ಹೇಗೆ ಕೊಡ್ತೀರಿ?’ ಎಂದು ಅವರು ಕೇಳಿದಾಗ ಆ ಮಾತಿನಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚಿತ್ತು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್‌ನ 2024ರ ಲೆಕ್ಕದ ಪ್ರಕಾರ, ದೇಶದಲ್ಲಿ ಪುಸ್ತಕಗಳನ್ನು ತೆಗೆಸಲು ನಡೆದ ಪ್ರಯತ್ನಗಳಲ್ಲಿ ಶೇ. 72ರಷ್ಟು ಸಂಘಟಿತ ಗುಂಪುಗಳಿಂದಲೂ ಸರ್ಕಾರಿ ಹುದ್ದೆಗಳಲ್ಲಿರುವವರಿಂದಲೂ ಬಂದಿದ್ದವು; ತಂದೆತಾಯಿಯರ ಪಾಲು ಶೇ. 16 ಮಾತ್ರ. ಎಲ್ಲಿಂದಲೋ ಇಳಿಸಿಕೊಂಡ ಪಟ್ಟಿಯನ್ನು ಹಿಡಿದು ಬರುವವರಿಗೂ, ತನ್ನ ಮಗುವಿನ ಚೀಲದಲ್ಲಿ ಸಿಕ್ಕ ಪುಸ್ತಕವನ್ನು ತಿರುವಿಹಾಕಿ ಬೆಚ್ಚಿಬಿದ್ದ ತಾಯಿಗೂ ಬಹಳ ವ್ಯತ್ಯಾಸವಿದೆ. ಇಂಥವರನ್ನು ಎದುರಾಳಿಯೆಂದು ಕಾಣಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಅವರ ಮಾತನ್ನೆಲ್ಲ ಕೇಳಿಸಿಕೊಂಡ ಮೇಲೆ ನಾನು ಎರಡು ಪ್ರಶ್ನೆಗಳನ್ನು ಬೇರ್ಪಡಿಸಿದೆ. ತನ್ನ ಮಗಳು ಏನನ್ನು ಓದಬಾರದು ಎಂದು ನಿರ್ಧರಿಸುವ ಹಕ್ಕು ಆ ತಾಯಿಗೆ ಪೂರ್ಣವಾಗಿ ಇದೆ. ಆದ್ದರಿಂದ ಪುಸ್ತಕ ಕೊಡುವ ಗಣಕದಲ್ಲಿ ಆ ಹುಡುಗಿಯ ಖಾತೆಗೆ ಅಂದೇ ಟಿಪ್ಪಣಿ ಸೇರಿಸಿದೆ. ಉಳಿದ ಮನೆಗಳ ಮಕ್ಕಳ ಪರವಾಗಿಯೂ ಅವರೇ ತೀರ್ಮಾನಿಸಬೇಕೆಂದಾದರೆ ಅದಕ್ಕೆ ಲಿಖಿತ ಅರ್ಜಿ, ಸಮಿತಿ, ಕಾರಣಸಹಿತ ಉತ್ತರ ಎಲ್ಲವೂ ಬೇಕಾಗುತ್ತವೆ. ಹೆಚ್ಚಿನವರು ಮೊದಲನೆಯದಕ್ಕೇ ಸಮಾಧಾನಗೊಳ್ಳುತ್ತಾರೆ. ಇವರು ಅರ್ಜಿಯನ್ನೇ ಕೊಟ್ಟರು.

ನಮ್ಮ ನಮೂನೆಯಲ್ಲಿ ‘ಪುಸ್ತಕವನ್ನು ಪೂರ್ತಿ ಓದಿದ್ದೀರಾ?’ ಎಂಬ ಪ್ರಶ್ನೆಯಿದೆ. ಅವರು ಓದಿರಲಿಲ್ಲ; ಹಾಗಾಗಿ ಇನ್ನೊಂದು ಪ್ರತಿಯನ್ನು ಅವರಿಗೆ ಕೊಟ್ಟು, ಗ್ರಂಥಾಲಯದ ಪ್ರತಿಯನ್ನು ಕಪಾಟಿನಲ್ಲೇ ಇರಿಸಿದೆ. ತೀರ್ಮಾನ ಆಗುವವರೆಗೆ ಅದು ಪ್ರಿನ್ಸಿಪಾಲರ ಕೊಠಡಿಯಲ್ಲಿರಲಿ ಎಂಬ ಸಲಹೆ ಬಂದಿತ್ತು. ವಿಚಾರಣೆ ಮುಗಿಯುವ ಮೊದಲೇ ಪುಸ್ತಕ ಮಾಯವಾದರೆ ವಿಚಾರಣೆಗೆ ಅರ್ಥವೇ ಉಳಿಯುವುದಿಲ್ಲ. ಪರಿಶೀಲನೆ ನಡೆಯುವಾಗಲೂ ಪುಸ್ತಕ ಓದುಗರಿಗೆ ಸಿಗಬೇಕೆಂಬ ನಮ್ಮ ನಿಯಮದ ಸಾಲನ್ನು ತೋರಿಸಿದ ಮೇಲೆ ಆ ಮಾತು ನಿಂತಿತು. ಅದನ್ನು ಯಾವ ಯಾವ ಮಕ್ಕಳು ಓದಿದ್ದಾರೆ ಎಂಬ ಪ್ರಶ್ನೆಯೂ ಬಂತು. ಎರವಲು ಪಡೆದವರ ಹೆಸರುಗಳನ್ನು ಈ ರಾಜ್ಯದ ಕಾನೂನು ಗೌಪ್ಯವೆಂದು ಪರಿಗಣಿಸುತ್ತದೆ; ಎಷ್ಟು ಸಲ ಹೊರಹೋಗಿದೆ ಎಂಬ ಸಂಖ್ಯೆಯನ್ನಷ್ಟೇ ಕೊಟ್ಟೆ.

ಸಮಿತಿಯಲ್ಲಿ ಪ್ರಿನ್ಸಿಪಾಲರು, ಇಂಗ್ಲಿಷ್ ಶಿಕ್ಷಕಿ, ಆಪ್ತಸಮಾಲೋಚಕಿ, ಪೋಷಕರೊಬ್ಬರು ಮತ್ತು ನಾನು ಇದ್ದೆವು. ಪ್ರತಿಯೊಬ್ಬರೂ ಮೊದಲ ಪುಟದಿಂದ ಕೊನೆಯವರೆಗೆ ಓದಿ ಬರಬೇಕೆಂಬ ಷರತ್ತನ್ನು ನಾನು ಬಿಟ್ಟುಕೊಡಲಿಲ್ಲ. ದೂರಿನ ಪ್ರತಿಯಲ್ಲಿ ಹಳದಿ ಚೀಟಿಗಳು ಒಂದೇ ಕಡೆ ಒತ್ತಾಗಿ ಅಂಟಿದ್ದವು. ಹದಿಮೂರು ವರ್ಷದ ಹುಡುಗಿಯೊಬ್ಬಳನ್ನು ಮನೆಯ ಹಿರಿಯನೊಬ್ಬ ಮುಟ್ಟುವ ಸನ್ನಿವೇಶ ಅಲ್ಲಿತ್ತು. ಚಿತ್ರದಲ್ಲಿ ಕಾಣುವುದು ಮುಚ್ಚಿದ ಬಾಗಿಲು ಮತ್ತು ಗೋಡೆಯ ಕಡೆ ತಿರುಗಿದ ಹುಡುಗಿಯ ಮುಖ, ಅಷ್ಟೇ. ಕೊನೆಯ ಚೀಟಿಯಿದ್ದ ಪುಟವನ್ನು ಮಗುಚಿದರೆ, ಅದೇ ಹುಡುಗಿ ಶಾಲೆಯ ಆಪ್ತಸಮಾಲೋಚಕಿಯ ಮುಂದೆ ಕುಳಿತು ನಡೆದದ್ದನ್ನು ಹೇಳುತ್ತಾಳೆ. ಆ ಪುಟಕ್ಕೆ ಚೀಟಿಯಿರಲಿಲ್ಲ. ನಮ್ಮ ಆಪ್ತಸಮಾಲೋಚಕಿ ಎರಡನ್ನೂ ಒಟ್ಟಿಗೆ ಓದಿ, ಇಂಥ ವಿಷಯವನ್ನು ಯಾರಿಗೆ, ಯಾವ ಮಾತಿನಲ್ಲಿ ಹೇಳಬೇಕೆಂಬುದೇ ತಿಳಿಯದೆ ಮಕ್ಕಳು ಸುಮ್ಮನಿದ್ದುಬಿಡುತ್ತಾರೆ, ಈ ಪುಟ ಅವರಿಗೆ ಆ ಮಾತನ್ನು ಕೊಡುತ್ತದೆ ಎಂದರು. ವೃತ್ತಿಪರ ಪತ್ರಿಕೆಗಳ ವಿಮರ್ಶೆಗಳನ್ನೂ ಅವು ಸೂಚಿಸಿದ ವಯೋಮಾನವನ್ನೂ ನಾನು ಕಡತದಲ್ಲಿ ಇರಿಸಿದ್ದೆ. ಆದರೆ ಸಭೆಯ ಅಭಿಪ್ರಾಯ ಗಟ್ಟಿಯಾದದ್ದು ಆ ಮಗುಚಿದ ಪುಟದಿಂದ.

ಪುಸ್ತಕ ಉಳಿಯಿತು. ಕಾರಣಗಳನ್ನು ವಿವರಿಸಿ ಬರೆದ ಪತ್ರದ ಜೊತೆಗೆ ನಾನೇ ಆ ತಾಯಿಗೆ ಫೋನ್ ಮಾಡಿ ಮಾತನಾಡಿದೆ. ಅವರು ಒಪ್ಪಲಿಲ್ಲ, ಆದರೆ ಸ್ಥಳೀಯ ಶಾಲೆಗಳ ಆಡಳಿತ ನಡೆಸುವ ಸ್ಕೂಲ್ ಬೋರ್ಡಿಗೆ ಮೇಲ್ಮನವಿಯನ್ನೂ ಸಲ್ಲಿಸಲಿಲ್ಲ. ಮಗಳ ಖಾತೆಯ ಟಿಪ್ಪಣಿ ಹಾಗೆಯೇ ಇದೆ.

ಇಷ್ಟು ವಿಧಿವತ್ತಾಗಿ ನಡೆಯುವುದು ಎಲ್ಲೆಡೆ ಸಾಧ್ಯವಿಲ್ಲ. 2023–24ರ ಶಾಲಾ ವರ್ಷದಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕಾಗಿ ದುಡಿಯುವ ಬರಹಗಾರರ ಸಂಸ್ಥೆ ಪೆನ್ ಅಮೆರಿಕ, ಇಲ್ಲಿನ ಸಾರ್ವಜನಿಕ ಶಾಲೆಗಳಲ್ಲಿ 10,046 ಪುಸ್ತಕ ನಿಷೇಧದ ಪ್ರಕರಣಗಳನ್ನು ದಾಖಲಿಸಿತು. ಅವುಗಳಲ್ಲಿ ಬಹುಪಾಲು ಫ್ಲಾರಿಡಾ ಮತ್ತು ಅಯೋವಾ ರಾಜ್ಯಗಳವು. ವಿಚಾರಗಳು ಹಿಡಿಸಲಿಲ್ಲ ಎಂಬ ಕಾರಣಕ್ಕೆ ಸ್ಕೂಲ್ ಬೋರ್ಡ್ ಪುಸ್ತಕ ತೆಗೆಯುವಂತಿಲ್ಲವೆಂದು 1982ರ ಪಿಕೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬ್ರೆನನ್ ಬರೆದರೂ, ಆ ಅಭಿಪ್ರಾಯಕ್ಕೆ ಬಹುಮತ ಇರಲಿಲ್ಲ. ಟೆಕ್ಸಸ್‌ನ ಲಾನೋ ಕೌಂಟಿಯ ಸಾರ್ವಜನಿಕ ಗ್ರಂಥಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಕೆಳಗಿನ ಐದನೇ ವಲಯದ ಮೇಲ್ಮನವಿ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಬ್ರೆನನ್ ಅಭಿಪ್ರಾಯಕ್ಕೆ ವಿರುದ್ಧವಾದ ನಿಲುವು ತಳೆಯಿತು. ನಮ್ಮ ರಾಜ್ಯದಲ್ಲಿ 2024ರ ಡಿಸೆಂಬರ್‌ನಲ್ಲಿ ಗವರ್ನರ್ ಫಿಲ್ ಮರ್ಫಿ ಸಹಿ ಹಾಕಿದ ‘ಫ್ರೀಡಂ ಟು ರೀಡ್’ ಕಾಯ್ದೆ, ಪುಸ್ತಕ ಆಯ್ಕೆಗೂ ಮರುಪರಿಶೀಲನೆಗೂ ಲಿಖಿತ ನೀತಿಯನ್ನು ಕಡ್ಡಾಯಗೊಳಿಸಿ, ಪ್ರಾಮಾಣಿಕವಾಗಿ ಕೆಲಸ ಮಾಡುವ ಗ್ರಂಥಪಾಲಕರಿಗೆ ಕಾನೂನಿನ ರಕ್ಷಣೆ ನೀಡಿದೆ.

ಆದರೂ ನನ್ನನ್ನು ಹೆಚ್ಚು ಕಾಡುವುದು ಅರ್ಜಿಯೇ ಇಲ್ಲದೆ ನಡೆಯುವ ನಿಷೇಧ. ‘ಯಾಕೆ ಸುಮ್ಮನೆ ತಲೆನೋವು’ ಎಂದು ಖರೀದಿ ಪಟ್ಟಿಯಿಂದಲೇ ಒಂದು ಹೆಸರನ್ನು ಅಳಿಸಿಬಿಟ್ಟರೆ ಅದಕ್ಕೆ ನಮೂನೆಯಿಲ್ಲ, ಸಮಿತಿಯಿಲ್ಲ, ಮೇಲ್ಮನವಿಯೂ ಇಲ್ಲ. ಬೇರೆ ಬೇರೆ ಶಾಲೆಗಳಲ್ಲಿರುವ ಸ್ನೇಹಿತೆಯರು ಹೀಗೆ ಮಾಡುವುದನ್ನು ಕಂಡಿದ್ದೇನೆ. ಕೆಲಸ ಹೋಗುವ ಭಯ ಅವರಿಗಿರುವುದು ನಿಜ. ಅದಕ್ಕಾಗಿಯೇ ಈಗ ಪುಸ್ತಕ ತರಿಸುವ ಹಂತದಲ್ಲೇ ಒಂದೊಂದಕ್ಕೂ ವಿಮರ್ಶೆಗಳು, ಸೂಚಿತ ವಯಸ್ಸು, ನಮ್ಮ ಮಕ್ಕಳಿಗೆ ಏಕೆ ಬೇಕು ಎಂಬ ಎರಡು ಸಾಲು ಬರೆದಿಟ್ಟು, ಯಾವುದಾದರೂ ಹೆಸರನ್ನು ಕೈಬಿಟ್ಟರೆ ಅದರ ಕಾರಣವನ್ನೂ ಅಲ್ಲೇ ದಾಖಲಿಸುತ್ತೇನೆ. ನನ್ನ ನಂತರ ಈ ಕುರ್ಚಿಗೆ ಬರುವವರಿಗೆ ಆ ಕಡತ ಸಿಗಬೇಕು.