ಐದು ತಿಂಗಳು ಕಾದ ಮೇಲೆ ಡಿಶ್‌ನಲ್ಲಿ ಕಂಡ ಡ್ರಾವೆ: ನನ್ನ ಅನುಭವ

ಡ್ರಾವೆ ಅಂದ್ರೆ ಎಸ್‌ಸಿಎನ್1ಎ ಅನ್ನೋ ಜೀನ್ ಕೆಟ್ಟು ಮಕ್ಕಳಿಗೆ ಬರೋ ಫಿಟ್ಸ್ ಕಾಯಿಲೆ; ಪೇಶೆಂಟ್ ಸೆಲ್‌ನಿಂದ ಡಿಶ್‌ನಲ್ಲಿ ನ್ಯೂರಾನ್ ಬೆಳೆಸಿ ಅದನ್ನ ನೋಡೋದು ನನ್ನ ಕೆಲಸ. ಕೋಡ್ ಬಿಚ್ಚಿದ ದಿನ ನಾನು ರಿಗ್ (ಸೆಲ್‌ನ ಕರೆಂಟ್ ಅಳೆಯೋ ಯಂತ್ರ) ಮುಂದೇನೇ ಕೂತಿದ್ದೆ. ಯಾವ ಡಿಶ್ ಪೇಶೆಂಟ್ ಲೈನು ಯಾವುದು ಕಂಟ್ರೋಲು ಅಂತ ನನಗೆ ಗೊತ್ತಾಗಬಾರದು ಅಂತ ಜೂನಿಯರ್ ಹುಡುಗಿ ಕೈಲಿ ನಂಬರ್ ಹಾಕಿಸಿದ್ದೆ, ಎಂಬತ್ತು ಚಿಲ್ಲರೆ ಸೆಲ್ ಪ್ಯಾಚ್ ಮಾಡಿ (ಗಾಜಿನ ಪಿಪೆಟ್ ಅಂಟಿಸಿ ಅಳೆದು) ಮುಗಿಸೋವರೆಗೂ ಆ ಚೀಟಿ ಅವಳ ಡ್ರಾಯರ್‌ನಲ್ಲೇ ಇತ್ತು. ತೆಗೆದು ನೋಡಿದ್ರೆ ಎರಡು ಗುಂಪು ಬೇರೆ ಬೇರೆಯಾಗಿ ನಿಂತಿವೆ. ಕಂಟ್ರೋಲ್ ಇಂಟರ್‌ನ್ಯೂರಾನ್‌ಗಳು (ಬೇರೆ ನ್ಯೂರಾನ್‌ಗಳನ್ನ ತಡೆಯೋ ಸೆಲ್‌ಗಳು) ಕರೆಂಟ್ ಏರಿಸ್ತಾ ಹೋದಂಗೆ 200 ಪಿಕೋಆಂಪ್ ದಾಟಿದ್ರೂ ಫೈರ್ ಮಾಡ್ತಾನೇ ಇದ್ವು, ಎಸ್‌ಸಿಎನ್1ಎ ಮ್ಯುಟೇಶನ್ ಇದ್ದವು ಹೆಚ್ಚುಕಮ್ಮಿ 120ಕ್ಕೇ ಸ್ಪೈಕ್ (ಸೆಲ್ ಹೊಡೆಯೋ ವಿದ್ಯುತ್ ಮಿಡಿತ) ಗಿಡ್ಡ ಆಗ್ತಾ ಆಗ್ತಾ ಪೂರ್ತಿ ನಿಂತುಹೋಗ್ತಿದ್ವು. ಮೂರು ವರ್ಷ ಎಲ್ಲರ ಬಾಯಲ್ಲೂ ಒಂದೇ ಮಾತು ಕೇಳಿಸ್ಕೊಂಡಿದ್ದೆ, "ಡಿಶ್‌ನಲ್ಲಿ ಡ್ರಾವೆ ಸರಿಯಾಗಿ ಕಾಣಲ್ಲ, ಇಲಿಗೆ ಹಾಕಿ, ಇಲ್ಲಾ ಬಿಟ್ಟುಬಿಡಿ" ಅಂತ. ಅದಕ್ಕೇ ಇದನ್ನ ಬರೀತಾ ಇರೋದು.

ಅವರು ಹೇಳೋದ್ರಲ್ಲೂ ಕಾರಣ ಇತ್ತು. 2013ರಲ್ಲಿ ಡ್ರಾವೆ ಐಪಿಎಸ್ (ಪೇಶೆಂಟ್‌ನ ಮಾಮೂಲಿ ಸೆಲ್‌ನಿಂದ ಮಾಡಿದ ಸ್ಟೆಮ್ ಸೆಲ್) ಬಗ್ಗೆ ಬಂದ ಪೇಪರ್‌ಗಳೇ ಒಂದಕ್ಕೊಂದು ಹೊಂದಲ್ಲ, ಒಂದು ಕಡೆ ಸೋಡಿಯಂ ಕರೆಂಟ್ ಜಾಸ್ತಿ ಅಂದ್ರೆ ಇನ್ನೊಂದು ಕಡೆ ಗಾಬಾ ಸೆಲ್‌ಗಳೇ (ಗಾಬಾ ರಾಸಾಯನಿಕ ಬಿಟ್ಟು ತಡೆಯೋ ಇಂಟರ್‌ನ್ಯೂರಾನ್‌ಗಳು) ಸೊರಗಿವೆ ಅಂತ. ಆದ್ರೆ ನಂಗೆ ಯಾವಾಗ್ಲೂ ಅನ್ನಿಸ್ತಿದ್ದಿದ್ದು ಒಂದೇ, ನಾವೆಲ್ಲ ತುಂಬ ಬೇಗ ನೋಡ್ತಿದೀವಿ ಅಂತ. ಮೊದಮೊದಲು ಸೆಲ್ ನಡೆಸೋದು ನೇವ್1.3 ಅನ್ನೋ ಸೋಡಿಯಂ ಚಾನಲ್, ಅದು ಇಳೀತಾ ಬಂದು ಎಸ್‌ಸಿಎನ್1ಎ ಜೀನ್ ಮಾಡೋ ನೇವ್1.1 ಏರಬೇಕು, ಆಮೇಲೇ ತಾನೇ ನೇವ್1.1 ಅರ್ಧ ಇದ್ರೆ ಏನಾಗುತ್ತೆ ಅಂತ ಗೊತ್ತಾಗೋದು? ಮಗೂಗೂ ಹುಟ್ಟಿದ ದಿನವೇ ಫಿಟ್ಸ್ ಬರಲ್ಲ, ಮೊದಲ ವರ್ಷದ ಒಳಗೆ, ಬಹಳ ಸಲ ಒಂದು ಜ್ವರದ ಜೊತೆ ಬರುತ್ತೆ. ಹಂಗಿರೋವಾಗ 60ನೇ ದಿನದ ಸೆಲ್ ಹಿಡ್ಕೊಂಡು ಫಿನೋಟೈಪ್ (ಕಾಯಿಲೆಯ ಲಕ್ಷಣ) ಇಲ್ಲ ಅನ್ನೋದು ನನಗೆ ಸರಿ ಅನ್ನಿಸಲಿಲ್ಲ.

ಮೊದಲ ವರ್ಷ ಪೂರ್ತಿ, ಈ ಇಂಟರ್‌ನ್ಯೂರಾನ್‌ಗಳು ಹುಟ್ಟೋ ಎಂಜಿಇ ಅನ್ನೋ ಮಿದುಳಿನ ಭಾಗದ ಬದಲು ಹೈಪೋಥಲಾಮಸ್ ಬೆಳೆಸಿದೆ. ನಿಜವಾಗ್ಲೂ. ಡ್ಯೂಯಲ್ ಸ್ಮ್ಯಾಡ್ (ಸ್ಟೆಮ್ ಸೆಲ್‌ನ ನರ ಸೆಲ್ ಮಾಡೋ ಹಂತ) ಜೊತೆಗೇ ಮೊದಲ ವಾರದಿಂದ ಸ್ಯಾಗ್ (ಮಿದುಳಿನ ಕೆಳಭಾಗದ ಗುರುತು ಕೊಡೋ ರಾಸಾಯನಿಕ) ಹಾಕ್ತಿದ್ದೆ, ಎನ್‌ಕೆಎಕ್ಸ್2-1 (ಎಂಜಿಇ ಗುರುತಿಸೋ ಪ್ರೋಟೀನ್) ಸ್ಟೈನ್ ಮಾಡಿದ್ರೆ ಫೀಲ್ಡ್ ತುಂಬ ಹೊಳೀತಿತ್ತು, 90 ಪರ್ಸೆಂಟ್ ಎಂಜಿಇ ಬಂತು ಅಂತ ಸ್ಲೈಡ್ ಮಾಡಿ ತೋರಿಸಿದ್ದೂ ಆಯ್ತು. ಎನ್‌ಕೆಎಕ್ಸ್2-1 ಹೈಪೋಥಲಾಮಸ್‌ನಲ್ಲೂ ಇರುತ್ತೆ ಅನ್ನೋದು ಪರೀಕ್ಷೆಯಲ್ಲಿ ಕೇಳಿದ್ರೆ ನಾನೇ ಬರೀತಿದ್ದೆ, ಆದ್ರೆ ಫಾಕ್ಸ್‌ಜಿ1 (ಮಿದುಳಿನ ಮುಂಭಾಗದ ಗುರುತು) ಆಂಟಿಬಾಡಿ ಆ ವರ್ಷ ಬಜೆಟ್‌ನಲ್ಲಿ ಇರ್ಲಿಲ್ಲ ಅಂತ ಮುಂದಕ್ಕೆ ಹಾಕಿದ್ದೆ. ಕೊನೆಗೆ ಪಕ್ಕದ ಲ್ಯಾಬ್‌ನಿಂದ ಐದು ಮೈಕ್ರೋಲೀಟರ್ ಇಸ್ಕೊಂಡು ಹಾಕಿದ್ರೆ ಎರಡೂ ಇರೋ ಸೆಲ್ ಹತ್ತರಲ್ಲಿ ಒಂದೂ ಇಲ್ಲ. ಒಂದು ಆಂಟಿಬಾಡಿ ಉಳಿಸೋಕೆ ಹೋಗಿ ವರ್ಷದ ಮೀಡಿಯಾ ಖರ್ಚು ಪೂರ್ತಿ ನೀರಲ್ಲಿ ಹೋಯ್ತು. ಈಗ ಮೊದಲು ಮುಂಭಾಗದ ಗುರುತು ಗಟ್ಟಿಯಾಗೋಕೆ ಬಿಟ್ಟು, ಜೊತೆಗೆ ಸೆಲ್‌ನ ಹಿಂಭಾಗದ ಕಡೆ ಎಳೆಯೋ ಡಬ್ಲ್ಯುಎನ್‌ಟಿ ಸಂಕೇತ ತಡೆಯೋಕೆ ಎಕ್ಸ್‌ಎವಿ ಅನ್ನೋ ರಾಸಾಯನಿಕ ಇಟ್ಟು, ಸ್ಯಾಗ್ ಶುರು ಮಾಡೋದೇ 10ನೇ ದಿನದ ಆಸುಪಾಸು, 18ಕ್ಕೆ ನಿಲ್ಲಿಸ್ತೀನಿ. ಫಾಕ್ಸ್‌ಜಿ1, ಎನ್‌ಕೆಎಕ್ಸ್2-1 ಎರಡೂ ಒಟ್ಟಿಗೆ 70 ಪರ್ಸೆಂಟ್ ದಾಟದೇ ಇದ್ರೆ ಆ ಬ್ಯಾಚ್‌ನ ಅವತ್ತೇ ಎಸೀತೀನಿ, ಎಷ್ಟೇ ಹೊಟ್ಟೆ ಉರಿದ್ರೂ.

ಎರಡನೇ ಪೆಟ್ಟು ಇದಕ್ಕಿಂತ ದೊಡ್ಡದು. ಪೇಶೆಂಟ್ ಲೈನ್‌ನ ಮ್ಯುಟೇಶನ್ ಕ್ರಿಸ್ಪರ್‌ನಲ್ಲಿ ಸರಿ ಮಾಡಿ ಐಸೋಜೆನಿಕ್ ಕಂಟ್ರೋಲ್ (ಮ್ಯುಟೇಶನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಅದೇ ಇರೋ ಲೈನು) ಮಾಡ್ಕೊಂಡಿದ್ದೆ, ಹೊರಗೆ ಮಾಡಿಸೋಕೆ ಕೇಳಿದ ಕೊಟೇಶನ್ ನೋಡಿ ತಲೆ ತಿರುಗಿ ನಾನೇ ಕೂತು ಇನ್ನೂರಕ್ಕೂ ಮೇಲೆ ಕಾಲನಿ ಪಿಕ್ ಮಾಡಿದ್ದು. ಅದರಲ್ಲಿ ಒಂದು ಕ್ಲೋನ್ ಬಹಳ ಚೆನ್ನಾಗಿ ಬೆಳೀತಿತ್ತು. ಅದರಿಂದ ಬಂದ ಇಂಟರ್‌ನ್ಯೂರಾನ್‌ಗಳು ಪೇಶೆಂಟ್ ಲೈನ್‌ಗಿಂತ ಎರಡು ಪಟ್ಟು ಉಳೀತಿದ್ವು. ಮ್ಯುಟೇಶನ್ ಸರಿ ಮಾಡಿದ್ರೆ ಸೆಲ್ ಸಾಯಲ್ಲ, ಎಂಥಾ ರಿಸಲ್ಟ್ ಅಂತ ಪೋಸ್ಟರ್ ಕೂಡ ಹಾಕಿದೆ. ಕ್ಯಾರಿಯೋಟೈಪ್ (ಕ್ರೋಮೋಸೋಮ್ ಪರೀಕ್ಷೆ) ಕ್ಲೀನ್ ಇತ್ತು. ಆದ್ರೆ ಮನಸ್ಸಿಗೆ ಸಮಾಧಾನ ಇಲ್ಲ, ಯಾಕಂದ್ರೆ ಆ ಕ್ಲೋನ್ ಐಪಿಎಸ್ ಹಂತದಲ್ಲೇ ಬೇರೆಯವಕ್ಕಿಂತ ಬೇಗ ಡಿಶ್ ತುಂಬ್ತಿತ್ತು. 20ನೇ ಕ್ರೋಮೋಸೋಮ್‌ನ 20q11.21 ಅನ್ನೋ ಜಾಗಕ್ಕೆ ಕ್ಯೂಪಿಸಿಆರ್ (ಕಾಪಿ ಎಣಿಸೋ ಪರೀಕ್ಷೆ) ಮಾಡಿದೆ, ಅಲ್ಲಿ ಒಂದು ಕಾಪಿ ಜಾಸ್ತಿ! ಬ್ಯಾಂಡಿಂಗ್‌ನಲ್ಲಿ ಕಣ್ಣಿಗೆ ಬೀಳದಷ್ಟು ಚಿಕ್ಕ ತುಂಡು. ಅದರೊಳಗೆ ಬಿಸಿಎಲ್2ಎಲ್1 ಕೂತಿರುತ್ತೆ, ಸೆಲ್ ಸಾಯದಂಗೆ ನೋಡ್ಕೊಳ್ಳೋ ಜೀನ್. ಇಂಟರ್‌ನ್ಯೂರಾನ್‌ಗಳ ಸಹಜ ಸಾವು ನಡೆಯೋದೇ ಬ್ಯಾಕ್ಸ್ ಅನ್ನೋ ಪ್ರೋಟೀನ್ ಮೂಲಕ, ಬಿಸಿಎಲ್2ಎಲ್1 ಅದಕ್ಕೇ ಅಡ್ಡ ನಿಲ್ಲೋದು. ಅಂದ್ರೆ ನಾನು ನೋಡಿದ್ದ "ರೆಸ್ಕ್ಯೂ"ಗೂ ಎಸ್‌ಸಿಎನ್1ಎಗೂ ಸಂಬಂಧ ಇರ್ಲಿಲ್ಲ. ಎಂಟು ತಿಂಗಳು, ಗ್ರ್ಯಾಂಟ್‌ನ ಕನ್ಸ್ಯೂಮಬಲ್ಸ್ ದುಡ್ಡಿನ ಮೂರನೇ ಒಂದು ಪಾಲು ಅಲ್ಲಿಗೆ ಹೋಯ್ತು. ಇಂಟರ್‌ನ್ಯೂರಾನ್ ಉಳಿವಿನ ಬಗ್ಗೆ ಐಪಿಎಸ್‌ನಲ್ಲಿ ಕೆಲಸ ಮಾಡೋರು ದಯವಿಟ್ಟು ಇದೊಂದು ಪಿಸಿಆರ್ ಪ್ರತಿ ಹತ್ತು ಪ್ಯಾಸೇಜಿಗೆ ಒಂದ್ಸಲ ಮಾಡಿ.

ಹೊಸ ಕ್ಲೋನ್ ಎರಡು ತಗೊಂಡು ಮತ್ತೆ ಶುರು. ಆಗ ನನ್ನ ತಲೇಲಿ ಇದ್ದಿದ್ದು ಪ್ಯೂರ್ ಕಲ್ಚರ್, ಸಾರ್ಟ್ ಮಾಡಿ (ಬೇಕಾದ ಸೆಲ್ ಮಾತ್ರ ಆರಿಸಿ) 95 ಪರ್ಸೆಂಟ್ ಗಾಬಾ ಸೆಲ್ ಇಟ್ಕೊಂಡ್ರೆ ಲೆಕ್ಕ ಸುಲಭ ಅಂತ. 80ನೇ ದಿನಕ್ಕೆ ಅರ್ಧಕ್ಕರ್ಧ ಸತ್ತು, ಉಳಿದವೂ ಒಂದೆರಡು ಸ್ಪೈಕ್ ಹೊಡೆದು ಸುಸ್ತಾಗ್ತಿದ್ವು. ಬಿಡಿಎನ್‌ಎಫ್ (ನ್ಯೂರಾನ್ ಉಳಿಸೋ ಪ್ರೋಟೀನ್) ಏರಿಸಿದೆ, ಸಾಂದ್ರತೆ ಏರಿಸಿದೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗಾಯ್ತು. ದಾರಿ ಸಿಕ್ಕಿದ್ದು ಇಲಿ ಕೆಲಸದಿಂದ. ಇಲಿ ಕಾರ್ಟೆಕ್ಸ್‌ನಲ್ಲಿ ಹುಟ್ಟಿದ ಮೇಲಿನ ಮೊದಲ ಎರಡು ಮೂರು ವಾರದಲ್ಲಿ ಎಷ್ಟು ಇಂಟರ್‌ನ್ಯೂರಾನ್ ಉಳೀಬೇಕು ಅನ್ನೋದನ್ನ ಪಿರಮಿಡಲ್ ಸೆಲ್‌ಗಳ (ಬೇರೆಯವನ್ನ ಎಬ್ಬಿಸೋ ನ್ಯೂರಾನ್‌ಗಳ) ಚಟುವಟಿಕೆ ತೀರ್ಮಾನಿಸುತ್ತೆ ಅಂತ 2018ರಲ್ಲಿ ಬಂದಿತ್ತಲ್ಲ. ಜೊತೆಗಾರರೇ ಇಲ್ಲದ ಡಿಶ್‌ನಲ್ಲಿ ಇವು ಯಾಕೆ ಬದುಕಬೇಕು? ಅವತ್ತಿಂದ ಸಾರ್ಟಿಂಗ್ ಬಿಟ್ಟೆ. ಒಂದೇ ಆರೋಗ್ಯವಂತ ಲೈನ್‌ನಿಂದ ಎನ್‌ಜಿಎನ್2 ಜೀನ್ ಹಾಕಿ ಎಕ್ಸೈಟೇಟರಿ (ಎಬ್ಬಿಸೋ) ನ್ಯೂರಾನ್ ಮಾಡಿ, ಆಸ್ಟ್ರೋಸೈಟ್ (ನ್ಯೂರಾನ್‌ಗೆ ಆಸರೆಯಾಗೋ ಸೆಲ್) ಸೇರಿಸಿ, ಅದರ ಮೇಲೆ 35ನೇ ದಿನದ ಎಂಜಿಇ ಸೆಲ್ ಇಳಿಸಿದೆ. ಪೇಶೆಂಟ್ ಆಗ್ಲಿ ಕಂಟ್ರೋಲ್ ಆಗ್ಲಿ, ಅಕ್ಕಪಕ್ಕದ ಸೆಲ್‌ಗಳು ಒಂದೇ, ವ್ಯತ್ಯಾಸ ಇದ್ರೆ ಇಂಟರ್‌ನ್ಯೂರಾನ್‌ನಲ್ಲೇ ಇರ್ಬೇಕು. ಒಂದು ಎಕ್ಸೈಟೇಟರಿ ಸೆಲ್‌ಗೆ ಒಂದು ಎಂಜಿಇ ಸೆಲ್ ಹಾಕಿದ್ರೆ ನೆಟ್‌ವರ್ಕ್ ಏಳಲೇ ಇಲ್ಲ, ಹತ್ತಕ್ಕೆ ಒಂದು ಹಾಕಿದ್ರೆ ಪ್ಯಾಚ್ ಮಾಡೋಕೆ ಸೆಲ್ ಹುಡುಕೋದೇ ಕೆಲಸ, ನಾಲ್ಕಕ್ಕೆ ಒಂದು ಕೂಡಿ ಬಂತು. ಇಂಟರ್‌ನ್ಯೂರಾನ್ ಮಾತ್ರ ಹಸಿರಾಗಿ ಹೊಳೀಲಿ ಅಂತ ಗುರುತಿಗೆ ಡಿಎಲ್‌ಎಕ್ಸ್ ಎನ್‌ಹ್ಯಾನ್ಸರ್ ಇರೋ ಜಿಎಫ್‌ಪಿ ವೈರಸ್ ಸಾಕು.

ಇಲ್ಲೇ ಒಂದು ಚಿಕ್ಕ ಪ್ರಯೋಗ ಮಾಡಿದ್ದೆ, ನಾಲ್ಕು ವೆಲ್‌ಗೆ ಎರಡು ವಾರ ಟಿಟಿಎಕ್ಸ್ (ಸೋಡಿಯಂ ಚಾನಲ್ ಮುಚ್ಚೋ ವಿಷ) ಹಾಕಿ ಎಲ್ಲಾನೂ ಮೌನ ಮಾಡಿಬಿಟ್ಟೆ. ಹಸಿರು ಸೆಲ್ ಹತ್ರತ್ರ ಅರ್ಧಕ್ಕೆ ಇಳೀತು. ನಾಲ್ಕೇ ವೆಲ್, ಪೇಪರ್‌ಗೆ ಆಗಲ್ಲ, ಆದ್ರೆ ದಾರಿ ಸರಿ ಇದೆ ಅಂತ ನನಗೆ ಧೈರ್ಯ ಬಂದಿದ್ದು ಅದರಿಂದ.

ಆಮೇಲೆ ಸಿಪ್ಪೆ ಏಳೋ ಸಮಸ್ಯೆ. ಉದ್ದ ಕಲ್ಚರ್ ಮಾಡಿದವರಿಗೆಲ್ಲ ಗೊತ್ತು, 90-100ನೇ ದಿನಕ್ಕೆ ಬೆಳಗ್ಗೆ ಬಂದು ನೋಡಿದ್ರೆ ಇಡೀ ಪದರ ಅಂಚಿಂದ ಸುರುಳಿ ಸುತ್ಕೊಂಡು ತೇಲ್ತಾ ಇರುತ್ತೆ, ಮೂರು ತಿಂಗಳು ಕಸದ ಬುಟ್ಟಿಗೆ. ಹದಿನೆಂಟು ಕವರ್‌ಸ್ಲಿಪ್‌ನಲ್ಲಿ ಹನ್ನೊಂದು ಹೋಗಿದ್ದೂ ಇದೆ. ಮೀಡಿಯಾ ಯಾವತ್ತೂ ಪೂರ್ತಿ ಬದಲಾಯಿಸಬೇಡಿ, ಅರ್ಧ, ಅದೂ ಗೋಡೆ ಮೇಲಿಂದ ನಿಧಾನಕ್ಕೆ. ಲ್ಯಾಮಿನಿನ್ (ಸೆಲ್ ಅಂಟ್ಕೊಳ್ಳೋಕೆ ಬೇಕಾದ ಪ್ರೋಟೀನ್) ವಾರಕ್ಕೊಮ್ಮೆ ಮೀಡಿಯಾದಲ್ಲೇ. ಬ್ರೈನ್‌ಫಿಸ್ ಅನ್ನೋ ಮೀಡಿಯಾಗೆ ನಾನು ಹೋಗೋದು 60 ದಿನ ಆದ್ಮೇಲೆ, ಒಂದೇ ಸಲಕ್ಕಲ್ಲ. ಕೋಟಿಂಗ್‌ನಲ್ಲಿ ಇನ್ನೊಂದು ಬದಲಾವಣೆ ಮಾಡ್ತೀನಿ, ಅದನ್ನ ಪೇಪರ್ ಬರೋವರೆಗೂ ಹೇಳಲ್ಲ, ಅದರಿಂದ ಈಗ ಹತ್ತರಲ್ಲಿ ಎಂಟು ಕವರ್‌ಸ್ಲಿಪ್ 170 ದಿನ ದಾಟುತ್ತೆ.

ರೆಕಾರ್ಡಿಂಗ್ ವಿಷಯಕ್ಕೆ ಬಂದ್ರೆ, ಮೊದಲ ಮೂವತ್ತು ಸೆಲ್ ರೂಮ್ ಟೆಂಪರೇಚರ್‌ನಲ್ಲೇ ಮಾಡಿ ಕೆಡಿಸ್ಕೊಂಡೆ. ಹೀಟರ್ ಕಂಟ್ರೋಲರ್ ಕೆಟ್ಟಿತ್ತು, ಹೊಸದಕ್ಕೆ ದುಡ್ಡಿಲ್ಲ, ಇರ್ಲಿ ಬಿಡು ಅಂದ್ಕೊಂಡೆ. ಕೆವಿ3 ಅನ್ನೋ ಪೊಟ್ಯಾಶಿಯಂ ಚಾನಲ್ ನಂಬ್ಕೊಂಡು ಬೇಗ ಬೇಗ ಫೈರ್ ಮಾಡೋ ಸೆಲ್‌ನ 22 ಡಿಗ್ರಿಯಲ್ಲಿ ಇಟ್ರೆ ಅದು ಎಲ್ಲಿಂದ ಓಡುತ್ತೆ? 33ಕ್ಕೆ ತಂದ ಮೇಲೆ ಅದೇ ಬ್ಯಾಚ್‌ನ ಕಂಟ್ರೋಲ್ ಸೆಲ್‌ಗಳು ಸೆಕೆಂಡಿಗೆ 25 ಸ್ಪೈಕ್‌ನಿಂದ 60-70ಕ್ಕೆ ಹೋದ್ವು, ಪೇಶೆಂಟ್ ಸೆಲ್‌ಗಳು 35ರ ಹತ್ರ ಕುಸೀತಿದ್ವು. 90ನೇ ದಿನಕ್ಕೆ ಎರಡಕ್ಕೂ ವ್ಯತ್ಯಾಸವೇ ಇಲ್ಲ, 120ಕ್ಕೆ ಅನುಮಾನ, 150 ದಾಟಿದ ಮೇಲೆ ಕಣ್ಣಿಗೆ ಹೊಡೆಯೋಷ್ಟು ಸ್ಪಷ್ಟ. ಎಕ್ಸೈಟೇಟರಿ ಸೆಲ್‌ಗಳೇನು ಎರಡೂ ಕಡೆ ಒಂದೇ ಥರ ಇದ್ವು, ಇರಲೇಬೇಕಲ್ಲ, ಅವು ಒಂದೇ ಲೈನ್‌ನವು.

ಕ್ಲೋರೈಡ್ ಕಡೆಗೂ ಸ್ವಲ್ಪ ಹೋಗಿ ಬಂದೆ. ಎಳೆ ಸೆಲ್ ಒಳಗೆ ಕ್ಲೋರೈಡ್ ಜಾಸ್ತಿ ಇದ್ರೆ ಗಾಬಾ ತಡೆಯೋ ಬದಲು ಎಬ್ಬಿಸುತ್ತೆ. ಇಷ್ಟು ಕಾದ ಸೆಲ್‌ಗಳ ಮೇಲೂ ಗಾಬಾ ಇನ್ನೂ ಎಬ್ಬಿಸೋ ಕೆಲಸವೇ ಮಾಡ್ತಿದ್ರೆ ಇದನ್ನೆಲ್ಲ ತಡೆಯೋ ಸರ್ಕ್ಯೂಟ್ ಅಂತ ಹೇಳೋಕಾಗಲ್ಲ. ಹೋಲ್ ಸೆಲ್‌ನಲ್ಲಿ (ಪೊರೆ ಒಡೆದು ಅಳೆಯೋ ಮಾಮೂಲಿ ಪ್ಯಾಚ್) ಪಿಪೆಟ್ ಕ್ಲೋರೈಡೇ ಉತ್ತರ ಬರೆದುಬಿಡುತ್ತೆ, ಅದಕ್ಕೆ ಗ್ರ್ಯಾಮಿಸಿಡಿನ್ ಪರ್ಫೊರೇಟೆಡ್ ಪ್ಯಾಚ್ (ಸೆಲ್ ಒಳಗಿನ ಕ್ಲೋರೈಡ್ ಕದಲಿಸದ ವಿಧಾನ), ಒಂದೊಂದು ಸೆಲ್‌ಗೂ ನಲವತ್ತು ನಿಮಿಷ ಕೂತು. 70ನೇ ದಿನ ಗಾಬಾ ರಿವರ್ಸಲ್ (ಗಾಬಾ ಕರೆಂಟ್ ದಿಕ್ಕು ಬದಲಿಸೋ ವೋಲ್ಟೇಜ್, ಅದು ಇಳಿದಷ್ಟೂ ಗಾಬಾ ತಡೆಯುತ್ತೆ) ಸುಮಾರು ಮೈನಸ್ 45 ಮಿಲಿವೋಲ್ಟ್, 150ಕ್ಕೆ ಮೈನಸ್ 62 ಹತ್ರ ಬಂದಿತ್ತು. ಕ್ಲೋರೈಡ್ ಹೊರಗೆ ಹಾಕೋ ಕೆಸಿಸಿ2 ಪ್ರೋಟೀನ್‌ನ ಸ್ಟೈನಿಂಗೂ ಅದೇ ದಿಕ್ಕು.

ಇನ್ನೊಂದು ನನಗೆ ಬಹಳ ಮುಖ್ಯ ಅನ್ನಿಸಿದ್ದು. ಕಂಟ್ರೋಲ್ ಸೆಲ್‌ಗೆ ಫಿಟ್ಸ್ ಔಷಧಿ ಕಾರ್ಬಮಝೆಪೀನ್ ಹಾಕಿ ಅದೇ ಕರೆಂಟ್ ಕೊಟ್ಟೆ, ಟ್ರೇಸ್ ನೋಡಿದ್ರೆ ಪೇಶೆಂಟ್ ಲೈನ್ ಥರಾನೇ, ಸ್ಪೈಕ್ ಗಿಡ್ಡ ಆಗ್ತಾ ನಿಂತುಹೋಗುತ್ತೆ. ಸೋಡಿಯಂ ಚಾನಲ್ ತಡೆಯೋ ಈ ಔಷಧಿಗಳಿಂದ ಡ್ರಾವೆ ಮಕ್ಕಳಿಗೆ ಫಿಟ್ಸ್ ಜಾಸ್ತಿ ಆಗುತ್ತೆ ಅಂತ ವೈದ್ಯರು ಎಷ್ಟೋ ವರ್ಷದಿಂದ ಹೇಳ್ತಿದಾರೆ. ಡಯಾಗ್ನೋಸಿಸ್ ಸಿಗೋ ಮುಂಚೆ ಎಷ್ಟು ಮಕ್ಕಳು ಇದನ್ನೇ ನುಂಗಿರ್ತಾರೋ ಅಂತ ಆ ಟ್ರೇಸ್ ನೋಡ್ತಾ ಸಂಕಟ ಆಯ್ತು. ಬಾತ್‌ನ (ಸೆಲ್ ಮುಳುಗಿರೋ ದ್ರವ) 39 ಡಿಗ್ರಿಗೆ ಏರಿಸಿ ಜ್ವರದ ಥರ ಮಾಡಿ ನೋಡೋಕೂ ಪ್ರಯತ್ನಿಸಿದೆ, ಸೀಲ್ (ಪಿಪೆಟ್ ಸೆಲ್‌ಗೆ ಬಿಗಿಯಾಗಿ ಅಂಟೋದು) ನಿಲ್ಲಲ್ಲ, ಐದು ಸೆಲ್ ಮಾತ್ರ ಸಿಕ್ಕಿದ್ದು, ನಾಲ್ಕರಲ್ಲಿ ಸ್ಪೈಕ್ ಇನ್ನೂ ಬೇಗ ನಿಂತುಹೋಯ್ತು. ಸೀಲ್ ಹಿಡಿಯೋ ಉಪಾಯ ಯಾರ ಹತ್ರಾದ್ರೂ ಇದ್ರೆ ತಿಳಿಸಿ.

ಪಾರ್ವಾಲ್ಬುಮಿನ್ (ಬೇಗ ಬೇಗ ಫೈರ್ ಮಾಡೋ ಇಂಟರ್‌ನ್ಯೂರಾನ್ ಜಾತಿಯ ಗುರುತು) ಬಂತಾ ಅಂತ ಎಲ್ರೂ ಕೇಳ್ತಾರೆ. ನೂರು ಗಾಬಾ ಸೆಲ್‌ಗೆ ಮೂರೋ ನಾಲ್ಕೋ, ಅದೂ 160 ದಾಟಿದ ಮೇಲೆ. ಬಹುಪಾಲು ಸೊಮಾಟೊಸ್ಟಾಟಿನ್ ಅನ್ನೋ ಇನ್ನೊಂದು ಜಾತಿ. ಡ್ರಾವೆ ಇಲಿಯಲ್ಲಿ ಸೊಮಾಟೊಸ್ಟಾಟಿನ್ ಸೆಲ್‌ಗೂ ಪೆಟ್ಟು ಬಿದ್ದಿರೋದ್ರಿಂದ ನನ್ನ ಪ್ರಶ್ನೆಗೆ ಇಷ್ಟು ಸಾಕಾಯ್ತು, ಪಾರ್ವಾಲ್ಬುಮಿನ್ ಇರೋ ಬ್ಯಾಸ್ಕೆಟ್ ಸೆಲ್ಲೇ ಬೇಕು ಅನ್ನೋರಿಗೆ ಇದು ಸಾಲಲ್ಲ.

ಖರ್ಚಿನ ಲೆಕ್ಕ ಹೇಳೋದಾದ್ರೆ, ಸಾರ್ಟಿಂಗ್ ಬಿಟ್ಟಿದ್ರಿಂದ, ಕೆಟ್ಟ ಬ್ಯಾಚ್ 18ನೇ ದಿನಕ್ಕೇ ಎಸೆಯೋದ್ರಿಂದ, ಒಂದು ಪೂರ್ತಿ ರೌಂಡ್ ಈಗ ಮೊದಲಿನ ಅರ್ಧಕ್ಕಿಂತ ಕಮ್ಮಿ ದುಡ್ಡಲ್ಲಿ ಮುಗಿಯುತ್ತೆ, ಜಾಸ್ತಿ ತಿನ್ನೋದು ಮೀಡಿಯಾನೇ. ಇಲಿಗೆ ಹಾಕಿ ಅಂದಿದ್ದ ಸೀನಿಯರ್ ಹೋದ ವಾರ ಬಂದು ಟ್ರೇಸ್ ನೋಡಿ, "ನಮ್ಮ ಹುಡುಗನಿಗೆ ಒಂದ್ಸಲ ಹೇಳಿಕೊಡಿ" ಅಂದ್ರು. ಹೇಳಿಕೊಡ್ತೀನಿ ಅಂದಿದೀನಿ. ಬೇರೆ ಮ್ಯುಟೇಶನ್ ಇರೋ ಎರಡನೇ ಪೇಶೆಂಟ್ ಲೈನು ಇವತ್ತಿಗೆ 118ನೇ ದಿನ, ಇನ್ನೊಂದು ತಿಂಗಳು ಅದನ್ನ ಮುಟ್ಟಲ್ಲ.