ಟವೆಲ್ ಹಾಸಿದ ಕುರ್ಚಿ ಯಾರದ್ದು? ಪ್ರವಾಸಿ ಹಡಗಿನಲ್ಲಿ ನಿಯಮ ಪಾಲಿಸುವಂತೆ ಮಾಡಿದ ನನ್ನ ಅನುಭವ

ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಿ ‘ಮಗ ಶಿಪ್ಪಿನಲ್ಲಿದ್ದಾನೆ’ ಎಂಬ ಮಾತು ಹೊಸದಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಎಷ್ಟೋ ಮಂದಿ ಹಡಗಿನ ಅಡುಗೆಮನೆಗೋ ಹೌಸ್‌ಕೀಪಿಂಗಿಗೋ ಸೇರಿ, ವರ್ಷದ ಹೆಚ್ಚಿನ ತಿಂಗಳುಗಳನ್ನು ನೀರಿನ ಮೇಲೆಯೇ ಕಳೆಯುತ್ತಾರೆ. ನಾನು ಸೇರಿದ್ದು ಈಜುಕೊಳದ ಡೆಕ್ಕಿಗೆ. ಮೊದಲು ಟವೆಲ್ ಕೊಡುವ ಕೆಲಸ, ಆಮೇಲೆ ಡೆಕ್ಕಿನ ಮೇಲ್ವಿಚಾರಣೆ. ಈಗ ಊರಿಗೆ ಮರಳಿ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳಿಗೆ ಪ್ರವಾಸಿಗರನ್ನು ಹತ್ತಿಸುವುದನ್ನು ನೋಡಿಕೊಳ್ಳುತ್ತೇನೆ. ಎರಡೂ ಕಡೆ ಕೆಲಸದ ತಿರುಳು ಒಂದೇ: ರಜೆಗೆಂದು ಹಣ ಕೊಟ್ಟು ಬಂದವರಿಗೆ ‘ಇದು ಆಗುವುದಿಲ್ಲ’ ಎಂದು ಹೇಳುವುದು. ಹೇಗೆ ಹೇಳಬೇಕು, ಯಾರ ಪರವಾಗಿ ಹೇಳಬೇಕು ಎಂಬುದನ್ನು ಹಡಗು ಕಲಿಸಿತು. ಶಿಪ್ಪಿಗೆ ಹೊರಟ ನಮ್ಮ ಕಡೆಯ ಹುಡುಗ ಹುಡುಗಿಯರಿಗೂ ಕ್ರೂಸ್ ಪ್ರವಾಸಕ್ಕೆ ಹೊರಟ ಕುಟುಂಬಗಳಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಹಡಗಿನಲ್ಲಿ ಜಗಳ ಹುಟ್ಟುವ ಜಾಗ ಬಾರ್ ಎಂದು ಹೊರಗಿನವರು ಭಾವಿಸುತ್ತಾರೆ. ನಾನು ಕಂಡಂತೆ ಅದು ಈಜುಕೊಳದ ಸುತ್ತ ಇಟ್ಟ ಒರಗು ಕುರ್ಚಿಗಳ ಸಾಲು. ಯಾವ ಬಂದರಿಗೂ ಹೋಗದೆ ದಿನವಿಡೀ ಹಡಗು ಕಡಲಲ್ಲೇ ಇರುವ ದಿನಕ್ಕೆ ನಾವು ಸೀ ಡೇ ಎನ್ನುತ್ತೇವೆ. ಅಂದು ಬೆಳಕು ಹರಿಯುವ ಮೊದಲೇ ಕೆಲವರು ಬಂದು ನಾಲ್ಕು ಕುರ್ಚಿಗಳ ಮೇಲೆ ಟವೆಲ್ ಹಾಸಿ, ಒಂದರ ಮೇಲೆ ಪುಸ್ತಕ, ಇನ್ನೊಂದರ ಮೇಲೆ ಚಪ್ಪಲಿ ಇಟ್ಟು ಹೋಗುತ್ತಾರೆ. ತಿಂಡಿ, ಸ್ನಾನ, ಒಂದು ಆಟ, ಒಂದು ನಿದ್ದೆ ಎಲ್ಲವನ್ನೂ ಮುಗಿಸಿ ಬರುವುದು ಹನ್ನೊಂದು ಗಂಟೆಗೆ. ಅಷ್ಟರಲ್ಲಿ ವಯಸ್ಸಾದ ತಾಯಿಯ ಕೈ ಹಿಡಿದುಕೊಂಡ ಮಗಳೊಬ್ಬಳು ಡೆಕ್ಕಿಗೆ ಎರಡು ಸುತ್ತು ಹಾಕಿ, ಎಲ್ಲೂ ಜಾಗ ಸಿಗದೆ ಕೆಳಗಿಳಿದು ಹೋಗಿರುತ್ತಾಳೆ.

ಟವೆಲ್ ತೆಗೆದರೆ ಅದನ್ನು ಹಾಸಿದವರು ಬಂದು ಕೂಗಾಡುತ್ತಾರೆ, ಪ್ರಯಾಣ ಮುಗಿದಾಗ ತುಂಬಿಸುವ ಅಭಿಪ್ರಾಯ ಪತ್ರದಲ್ಲಿ ಸಿಬ್ಬಂದಿಯ ಹೆಸರು ಬರೆಯುತ್ತಾರೆ. ಸುಮ್ಮನೆ ಕೆಳಗಿಳಿದು ಹೋದ ಮಗಳು ಏನನ್ನೂ ಬರೆಯುವುದಿಲ್ಲ. ಡೆಕ್ಕಿನಲ್ಲಿ ಕೆಲಸ ಮಾಡುವ ಹುಡುಗನ ಮುಂದಿನ ಕಾಂಟ್ರಾಕ್ಟ್ ಆ ಪತ್ರಗಳನ್ನು ನೆಚ್ಚಿಕೊಂಡಿರುತ್ತದೆ. ಹಾಗಾಗಿ ಖಾಲಿ ಕುರ್ಚಿಯನ್ನು ಹಿಡಿದಿಡಬಾರದೆಂಬ ನಿಯಮ ಫಲಕದಲ್ಲಿ ಇದ್ದರೂ ಟವೆಲ್‌ಗಳನ್ನು ಯಾರೂ ಮುಟ್ಟುವುದಿಲ್ಲ. ಅದು ಹುಡುಗರ ಸೋಮಾರಿತನವಲ್ಲ, ಹೆದರಿಕೆ. ಮೇಲ್ವಿಚಾರಣೆ ಕೈಗೆ ಬಂದಾಗ ನಾನು ಮೊದಲು ಮಾಡಿದ್ದು ಆ ಹೆದರಿಕೆಯನ್ನು ಅವರಿಂದ ಎತ್ತಿ ನನ್ನ ತಲೆಯ ಮೇಲೆ ಹಾಕಿಕೊಂಡದ್ದು. ಹುಡುಗರು ಖಾಲಿ ಕುರ್ಚಿಯ ಮೇಲೆ ಹೊತ್ತು ಬರೆದ ಚೀಟಿ ಇಟ್ಟರೆ ಸಾಕು. ಎಷ್ಟು ಹೊತ್ತು ಕಾಯಬೇಕೆಂಬುದು ಕಂಪನಿಯಿಂದ ಕಂಪನಿಗೆ ಬೇರೆ. ನಮ್ಮಲ್ಲಿ 40 ನಿಮಿಷ. ಅವಧಿ ಮುಗಿದ ಮೇಲೆ ಸಾಮಾನು ತೆಗೆಯುವಾಗ ನಾನೇ ನಿಲ್ಲುತ್ತಿದ್ದೆ, ಜೊತೆಗೆ ಇನ್ನೊಬ್ಬರು. ಒಂದು ಫೋಟೊ, ಒಂದು ಚೀಲ, ಚೀಲದ ಮೇಲೆ ಕುರ್ಚಿ ಇದ್ದ ಜಾಗ ಮತ್ತು ನನ್ನ ಸಹಿ. ಕೂಗಾಡುವವರು ಬಂದರೆ ಟವೆಲ್ ಕೌಂಟರಿನ ಹುಡುಗ ನನ್ನನ್ನು ತೋರಿಸಬೇಕು, ಅಷ್ಟೇ.

ಸಿಟ್ಟಾಗಿ ಬಂದವರಿಗೆ ನನ್ನ ಮೊದಲ ಮಾತು ಯಾವಾಗಲೂ ‘ನಿಮ್ಮ ಸಾಮಾನು ಭದ್ರವಾಗಿದೆ’ ಎಂಬುದು. ಸಿಟ್ಟಿನ ಅರ್ಧ ಭಾಗ ವಸ್ತು ಕಳೆದುಹೋಯಿತೆಂಬ ಗಾಬರಿ. ಅದು ಇಳಿದರೆ ಉಳಿದ ಮಾತು ಕಿವಿಗೆ ಬೀಳುತ್ತದೆ. ಎರಡನೆಯ ಮಾತು ಹೊತ್ತಿನದು: ಚೀಟಿ ಇಟ್ಟದ್ದು ಎಷ್ಟಕ್ಕೆ, ತೆಗೆದದ್ದು ಎಷ್ಟಕ್ಕೆ. ಮೂರನೆಯದು, ಈಗ ಎಲ್ಲಿ ನೆರಳಿನಲ್ಲಿ ಜಾಗ ಇದೆ, ನಾನೇ ಕರೆದುಕೊಂಡು ಹೋಗುತ್ತೇನೆ ಎಂಬುದು. ‘ಇದು ನಿಯಮ’ ಎಂಬ ಮಾತನ್ನು ಕೊನೆಗೆ, ಬೇಕಾದರೆ ಮಾತ್ರ ಹೇಳುತ್ತಿದ್ದೆ. ಹೆಂಡತಿ ಮಕ್ಕಳ ಎದುರಿಗೆ ಯಾರಿಗೂ ಬುದ್ಧಿ ಹೇಳಬಾರದು; ನಾಲ್ಕು ಹೆಜ್ಜೆ ಪಕ್ಕಕ್ಕೆ ಕರೆದು ಮಾತನಾಡಿದರೆ ಯಾರಿಗೂ ಮುಖಭಂಗವಾಗುವುದಿಲ್ಲ. ಇನ್ನೊಂದನ್ನು ಹುಡುಗರಿಗೆ ಒತ್ತಿ ಹೇಳುತ್ತಿದ್ದೆ: ಮೊದಲ ಸೀ ಡೇ ಬೆಳಿಗ್ಗೆಯಿಂದಲೇ ಚೀಟಿ ಇಡಬೇಕು. ಮೂರು ದಿನ ಕಣ್ಣು ಮುಚ್ಚಿ ನಾಲ್ಕನೆಯ ದಿನ ಕೈ ಹಾಕಿದರೆ ಪ್ರಯಾಣಿಕರು ಅದನ್ನು ಹಗೆ ಎಂದೇ ತಿಳಿಯುತ್ತಾರೆ, ಹಾಗೆ ತಿಳಿಯುವುದು ಸರಿಯೂ ಹೌದು. ದುಬಾರಿ ಸೂಟ್ ಕೋಣೆಗಳಲ್ಲಿ ತಂಗಿದವರಿಗೂ ಇದೇ 40 ನಿಮಿಷ. ಈ ಒಂದು ವಿಷಯದಲ್ಲಿ ನಾನು ಮೇಲಿನವರ ಜೊತೆಗೂ ವಾದ ಮಾಡಿದ್ದೇನೆ.

ಕುರ್ಚಿಯ ವಿಷಯ ಸಣ್ಣದು ಎಂದು ಅನ್ನಿಸಬಹುದು. ಆದರೆ ಕುರ್ಚಿಯಲ್ಲಿ ಸಡಿಲ ಬಿಟ್ಟ ಹಡಗಿನಲ್ಲಿ ಮಸ್ಟರ್ ಡ್ರಿಲ್ಲಿಗೂ ಜನ ಸರಿಯಾಗಿ ಬರುವುದಿಲ್ಲ. ಅಪಾಯ ಬಂದಾಗ ಯಾರು ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ತೊಡಬೇಕು ಎಂದು ತೋರಿಸುವ ತಾಲೀಮು ಅದು. ಏಳು ಸಣ್ಣ ಸೀಟಿ, ಆಮೇಲೆ ಒಂದು ಉದ್ದ ಸೀಟಿ. ಕೇಳಿದ ಕೂಡಲೇ ತನ್ನ ಜಾಗಕ್ಕೆ ಹೋಗಬೇಕು. 1912ರಲ್ಲಿ ಟೈಟಾನಿಕ್ ಮುಳುಗಿದ ಬಳಿಕ 1914ರಲ್ಲಿ ದೇಶಗಳು ಸೇರಿ ಕಡಲಿನಲ್ಲಿ ಜೀವರಕ್ಷಣೆಗೆ ಸೋಲಾಸ್ ಎಂಬ ಒಪ್ಪಂದ ಮಾಡಿಕೊಂಡವು. ಈಗ ಜಾರಿಯಲ್ಲಿರುವುದು ಅದರ 1974ರ ರೂಪ, ತಿದ್ದುಪಡಿಗಳೊಂದಿಗೆ. ಪ್ರಯಾಣಿಕರು ಹತ್ತಿದ 24 ಗಂಟೆಯೊಳಗೆ ತಾಲೀಮು ನಡೆಸಿದರೆ ಸಾಕು ಎಂದು ಬಹುಕಾಲ ನಿಯಮವಿತ್ತು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಪ್ರವಾಸಿ ಹಡಗು ಬಂಡೆಗೆ ತಾಗಿ ವಾಲಿತು. 32 ಮಂದಿ ಸತ್ತರು. ಅದೇ ಸಂಜೆ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ತಾಲೀಮು ಇನ್ನೂ ಆಗಿರಲಿಲ್ಲ, ಮರುದಿನಕ್ಕೆ ಇತ್ತು. ತಾಲೀಮಿನ ನಿಯಮವನ್ನು ಯಾರೂ ಮುರಿದಿರಲಿಲ್ಲ, ಆ ನಿಯಮವೇ ಸಾಲದಾಗಿತ್ತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ತಾಲೀಮು ಕಡ್ಡಾಯ.

ನನಗೆ ಕೊಟ್ಟ ಮಸ್ಟರ್ ಜಾಗದಲ್ಲಿ ಪ್ರಯಾಣಿಕರು ನಗುತ್ತ, ಗ್ಲಾಸ್ ಹಿಡಿದು ಬರುತ್ತಿದ್ದರು. ನಾನು ಗದರಿಸಲಿಲ್ಲ. ಗ್ಲಾಸ್ ಇಡಲು ಬಾಗಿಲ ಪಕ್ಕ ಒಂದು ಮೇಜು ಹಾಕಿಸಿದೆ. ‘ಇಲ್ಲಿ ಇಡಿ, ಮುಗಿದ ಮೇಲೆ ತೆಗೆದುಕೊಳ್ಳಿ’ ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ. ಕೈ ಖಾಲಿಯಾದ ಮನುಷ್ಯ ಎದುರಿಗೆ ನಡೆಯುವುದನ್ನು ನೋಡುತ್ತಾನೆ. ಮಾತನಾಡುತ್ತಲೇ ಇರುವ ಗುಂಪಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಬಾಯಿ ಬಿಡಬೇಕಾದ ಸಂದರ್ಭ ಅಪರೂಪ. ಬಾರದೆ ಕ್ಯಾಬಿನ್ನಿನಲ್ಲೇ ಉಳಿದವರನ್ನು ಹುಡುಕಿ ಕರೆಯುತ್ತಾರೆ, ಹಟ ಹಿಡಿದು ನಿರಾಕರಿಸಿದವರನ್ನು ಇಳಿಸಿಬಿಡುವ ಅಧಿಕಾರ ಕ್ಯಾಪ್ಟನ್‌ಗೆ ಇದೆ. ಕೊರೊನಾದ ಬಳಿಕ ಅನೇಕ ಹಡಗುಗಳಲ್ಲಿ ವಿಡಿಯೊವನ್ನು ಮೊಬೈಲಿನಲ್ಲೇ ನೋಡಿ, ಆಮೇಲೆ ತಮ್ಮ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿ ಬಂದರೆ ಸಾಕು ಎಂಬ ಪದ್ಧತಿ ಬಂದಿದೆ. ನೂಕುನುಗ್ಗಲು ಕಡಿಮೆ, ನಿಜ. ಆದರೂ ಎಲ್ಲರೂ ಒಟ್ಟಿಗೆ ನಿಂತು ಪಕ್ಕದವರ ಮುಖ ನೋಡಿಕೊಳ್ಳುವ ಹಳೆಯ ಕ್ರಮವೇ ನನಗೆ ಹೆಚ್ಚು ಒಪ್ಪಿಗೆ. ಕತ್ತಲಲ್ಲಿ ಓಡಬೇಕಾದಾಗ ನಂಬಿಕೆ ಬರುವುದು ಪರಿಚಯದ ಮುಖದ ಮೇಲೆ.

ಬೆಂಕಿಯ ವಿಷಯದಲ್ಲಿ ಸಲಿಗೆಯೇ ಇಲ್ಲ. ಇಸ್ತ್ರಿ ಪೆಟ್ಟಿಗೆ, ಮೇಣದಬತ್ತಿ, ನೀರು ಕಾಯಿಸುವ ರಾಡ್ ಇವುಗಳನ್ನು ಹತ್ತುವಾಗಲೇ ತಡೆದಿಟ್ಟು ಇಳಿಯುವಾಗ ಕೊಡುತ್ತಾರೆ. ಊದುಬತ್ತಿಯನ್ನೂ ಹಚ್ಚುವಂತಿಲ್ಲ, ನಮ್ಮ ಕಡೆಯಿಂದ ಹೋಗುವ ಹಿರಿಯರಿಗೆ ಇದನ್ನು ಮನೆಯಲ್ಲೇ ಹೇಳಿಡಿ, ಅಲ್ಲಿ ಬೇಸರವಾಗುವುದು ತಪ್ಪುತ್ತದೆ. ಬಾಲ್ಕನಿಯಲ್ಲಿ ಸಿಗರೇಟು ಸೇದಿದರೆ 250 ಡಾಲರ್ ಅಥವಾ ಅದಕ್ಕೂ ಹೆಚ್ಚು ದಂಡ ಹಾಕುವ ಕಂಪನಿಗಳಿವೆ. ಹೊರಗೆ ಎಸೆದ ಕಿಡಿ ಗಾಳಿಗೆ ಕೆಳಗಿನ ಬಾಲ್ಕನಿಗೇ ಬಂದು ಬೀಳುತ್ತದೆ. 2006ರ ಮಾರ್ಚ್‌ನಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಗಳಿಗೆ ಬೆಂಕಿ ಹತ್ತಿ ಪ್ರಯಾಣಿಕರೊಬ್ಬರು ಸತ್ತರು; ಆರಿಸದೆ ಬಿಟ್ಟ ಸಿಗರೇಟೇ ಕಾರಣವಿರಬೇಕೆಂದು ತನಿಖೆ ಹೇಳಿತು. ದಂಡದ ಬಗ್ಗೆ ವಾದ ಮಾಡುವವರಿಗೆ ನಾನು ಈ ಘಟನೆಯನ್ನು ಹೇಳುತ್ತಿದ್ದೆ. ವಾದ ಅಲ್ಲಿಗೇ ನಿಲ್ಲುತ್ತಿತ್ತು.

ಬಫೆಯ ಬಾಗಿಲಲ್ಲಿ ಕೈ ತೊಳೆಸುವುದು ಇನ್ನೊಂದು ಕೆಲಸ. ಹಡಗಿನಲ್ಲಿ ವಾಂತಿಭೇದಿ ಹಬ್ಬಿಸುವ ನೊರೊವೈರಸ್ ಸ್ಯಾನಿಟೈಸರ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. ಸೋಪು ನೀರೇ ಆಗಬೇಕು. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳನ್ನು ಅಲ್ಲಿಯ ಆರೋಗ್ಯ ಇಲಾಖೆಯವರು ನೂರಕ್ಕೆ ಅಂಕ ಹಾಕಿ ಪರೀಕ್ಷಿಸುತ್ತಾರೆ, 85 ಬಂದರೂ ಅನುತ್ತೀರ್ಣ. ಡೈಪರ್ ಹಾಕಿದ ಮಗುವನ್ನು ಕೊಳಕ್ಕೆ ಇಳಿಸಬಾರದೆಂಬುದೂ ಅಲ್ಲಿಯ ನಿಯಮವೇ. ಎಳೆ ತಾಯಂದಿರಿಗೆ ಇದನ್ನು ಹೇಳುವಾಗ ನನಗೆ ನಿಜವಾಗಿ ಸಂಕಟವಾಗುತ್ತಿತ್ತು. ಮಗು ನೀರು ನೋಡಿ ಕೈ ಬಡಿಯುತ್ತಿರುತ್ತದೆ. ಒಮ್ಮೆ ಕೊಳ ಕೊಳೆಯಾದರೆ ಅದನ್ನು ಮುಚ್ಚಿ ಶುಚಿ ಮಾಡಲು ಗಂಟೆಗಟ್ಟಲೆ ಹೊತ್ತು ಬೇಕು, ಇಡೀ ಹಡಗಿನ ಮಕ್ಕಳಿಗೆ ಆ ದಿನ ಕೊಳವಿಲ್ಲ ಎಂದು ವಿವರಿಸಿದರೆ ಒಪ್ಪುತ್ತಿದ್ದರು. ಸಣ್ಣ ಮಕ್ಕಳಿಗೆ ಬೇರೆ ನೀರಾಟದ ಜಾಗ ಎಲ್ಲಿದೆ ಎಂದು ತೋರಿಸುವುದೂ ನಮ್ಮ ಕೆಲಸವೇ. ಕೆಲವು ಹಡಗುಗಳಲ್ಲಿ ಅದು ಇರುವುದಿಲ್ಲ, ಟಿಕೆಟ್ ಮಾಡುವ ಮೊದಲೇ ಕೇಳಿಕೊಳ್ಳಿ.

ಶಿಷ್ಟಾಚಾರ ಬೇರೆ, ನಿಯಮ ಬೇರೆ. ರಾತ್ರಿಯೂಟದ ಸಭಾಂಗಣಕ್ಕೆ ಚಡ್ಡಿಯಲ್ಲಿ ಬಂದವರ ಮೇಲೆ ನಾನಾದರೆ ಕಠಿಣನಾಗುವುದಿಲ್ಲ. ಸೀರೆ ಉಟ್ಟವರನ್ನು ಔಪಚಾರಿಕ ಉಡುಪಿನ ರಾತ್ರಿಯಲ್ಲೂ ಯಾರೂ ತಡೆದದ್ದನ್ನು ನಾನು ಕಂಡಿಲ್ಲ. ಆದರೆ ನಡುರಾತ್ರಿ ಕ್ಯಾಬಿನ್ ಬಾಗಿಲು ತೆರೆದಿಟ್ಟು, ಓಣಿಯುದ್ದಕ್ಕೂ ನಿಂತು ಹತ್ತಾರು ಮಂದಿ ಮಾತನಾಡುವುದನ್ನು ನಮ್ಮ ದೇಶದ ದೊಡ್ಡ ಕುಟುಂಬಗಳಲ್ಲಿ ಕಂಡಿದ್ದೇನೆ. ಅಲ್ಲಿ ಗೋಡೆಗಳು ತೆಳು, ಪಕ್ಕದವರು ಬೆಳಿಗ್ಗೆ ಬೇಗ ಏಳಬೇಕಾದವರು. ಅಂಥಲ್ಲಿ ಹುಡುಗರಿಗೆ ಹೇಳಿ ಪ್ರಯೋಜನವಿಲ್ಲ, ಮನೆಯ ಹಿರಿಯರನ್ನು ಕಾಣಬೇಕು. ‘ಅಮ್ಮ, ಪಕ್ಕದ ಕೋಣೆಯಲ್ಲಿ ಹುಷಾರಿಲ್ಲದವರು ಮಲಗಿದ್ದಾರೆ’ ಎಂದು ಕನ್ನಡದಲ್ಲಿ ಹೇಳಿದ ಒಂದು ರಾತ್ರಿ, ಆ ಅಜ್ಜಿ ತಾವೇ ಎದ್ದು ಎಲ್ಲರನ್ನೂ ಒಳಗೆ ಕಳುಹಿಸಿದರು. ಆಮೇಲೆ ಆ ಪ್ರಯಾಣದಲ್ಲಿ ನಾನು ಆ ಓಣಿಗೆ ಹೋಗಬೇಕಾಗಲಿಲ್ಲ.

ಮುಂಚೆಯೇ ಹೇಳುವುದರ ಬೆಲೆಯನ್ನು ಊರಿನಲ್ಲೂ ನೋಡುತ್ತೇನೆ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗು ಬಂದಾಗ ಪ್ರಯಾಣಿಕರು ಕದ್ರಿ, ಕುದ್ರೋಳಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ಎಂದು ಬಸ್ಸುಗಳಲ್ಲಿ ಹೊರಡುತ್ತಾರೆ. ಚಪ್ಪಲಿ ಬಿಡಬೇಕು, ಭುಜ ಮುಚ್ಚಬೇಕು ಎಂಬುದನ್ನು ಬಂದರಿನಲ್ಲಿ ಬಸ್ಸು ಹತ್ತುವಾಗಲೇ ಹೇಳುವ ಗೈಡ್‌ಗಳ ಗುಂಪಿನಲ್ಲಿ ಯಾರಿಗೂ ಕಸಿವಿಸಿ ಇಲ್ಲ. ದೇವಸ್ಥಾನದ ಮೆಟ್ಟಿಲ ಮೇಲೆ ಹೇಳಿದರೆ, ಶಾಲು ತಾರದೆ ಬಂದವರು ಹೊರಗೇ ನಿಲ್ಲಬೇಕಾಗುತ್ತದೆ.

ಮಲ್ಪೆಯಲ್ಲಿ ನನ್ನ ಕೆಲಸದ ಮುಕ್ಕಾಲು ಭಾಗ ದೋಣಿ ಹತ್ತುವ ಮೊದಲೇ ಮುಗಿಯಬೇಕು ಎಂದು ಹಟ ಹಿಡಿದಿದ್ದೇನೆ. ದ್ವೀಪಕ್ಕೆ ಮದ್ಯ, ಪ್ಲಾಸ್ಟಿಕ್ ಒಯ್ಯುವಂತಿಲ್ಲ. 1979ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದ ಕಂಬದಂಥ ಶಿಲೆಗಳಿರುವ ಜಾಗ ಅದು. ಚೀಲ ನೋಡಿ, ಸಿಕ್ಕಿದ್ದನ್ನು ಇಟ್ಟುಕೊಂಡು ಚೀಟಿ ಕೊಡುತ್ತೇವೆ, ಮರಳುವಾಗ ಹಿಂದಿರುಗಿಸುತ್ತೇವೆ. ಪ್ರಯಾಣಿಕರು ಬಂದರಿನಲ್ಲಿ ಕೊಂಡ ಮದ್ಯವನ್ನು ಹಡಗಿನವರು ಕೊನೆಯ ರಾತ್ರಿಯವರೆಗೆ ತಮ್ಮ ಬಳಿ ಇಟ್ಟುಕೊಳ್ಳುವ ಕ್ರಮವನ್ನೇ ಇಲ್ಲಿ ತಂದೆ. ಬಂಡೆಗಳ ತುದಿಗೆ ಹೋಗಿ ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡವರಿದ್ದಾರೆ. ಎಲ್ಲಿ ಹೋಗಬಾರದೆಂಬುದನ್ನು ದಡದಲ್ಲೇ ಹೇಳುತ್ತೇನೆ, ದ್ವೀಪದಲ್ಲಿ ಇಳಿದ ಮೇಲೆ ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಲೈಫ್ ಜಾಕೆಟ್ ಬೇಡ ಎನ್ನುವವರು ಹೆಚ್ಚಾಗಿ ಹರೆಯದ ಹುಡುಗರು. ‘ನಮಗೆ ಈಜು ಬರುತ್ತದೆ ಅಣ್ಣ’ ಎನ್ನುತ್ತಾರೆ. ‘ಬರಲಿ ಮಾರಾಯರೇ, ಸಂತೋಷ. ಎದುರು ಕುಳಿತ ಮಗುವಿಗೆ ಬರುವುದಿಲ್ಲ. ದೋಣಿ ವಾಲಿದರೆ ಅದನ್ನು ಹಿಡಿಯಬೇಕಾದವರು ನೀವು. ಹಿಡಿಯಲು ಎರಡು ಕೈಯೂ ಬಿಡುವಾಗಿರಬೇಕಲ್ಲ?’ ಎಂದು ಕೇಳುತ್ತೇನೆ. ಈ ಮಾತಿಗೆ ಜಾಕೆಟ್ ತೊಡದೆ ಉಳಿದವರನ್ನು ನಾನು ಕಂಡಿಲ್ಲ. ಬಕಲ್ ಹಾಕಿಕೊಂಡು ಪಕ್ಕದವರದ್ದನ್ನೂ ಸರಿಪಡಿಸಿದವರಿದ್ದಾರೆ.

ಒಂದೇ ಒಂದು ನಿಯಮಕ್ಕೆ ಹಡಗಿನ ದಾರಿ ಇಲ್ಲಿ ನಡೆಯುವುದಿಲ್ಲ. ಹೇಳಿದ ಹೊತ್ತಿಗೆ ಬಾರದಿದ್ದರೆ ಹಡಗು ಬಿಟ್ಟು ಹೋಗುತ್ತದೆ. ಉಳಿದವರು ತಮ್ಮ ಖರ್ಚಿನಲ್ಲಿ ಮುಂದಿನ ಬಂದರಿಗೆ ಬರಬೇಕು. ದ್ವೀಪದಲ್ಲಿ ಯಾರನ್ನೂ ಬಿಟ್ಟು ಬರಲಾಗದು. ಹಾಗಾಗಿ ಫೋಟೊ ತೆಗೆಯುತ್ತ ಉಳಿದ ನಾಲ್ವರಿಗಾಗಿ ದೋಣಿ ತುಂಬ ಜನ ಬಿಸಿಲಲ್ಲಿ ಕಾಯುತ್ತಿದ್ದರು, ಮಡಿಲಲ್ಲಿ ಅಳುವ ಕೂಸು ಇದ್ದರೂ. ಈಗ, ತಾವು ಬಂದ ದೋಣಿಯಲ್ಲೇ ಮರಳಬೇಕೆಂದು ಹಟ ಹಿಡಿಯುವುದಿಲ್ಲ. ಹೊತ್ತಿಗೆ ಬಂದವರನ್ನು ಮೊದಲ ದೋಣಿಯಲ್ಲಿ ಕಳುಹಿಸುತ್ತೇವೆ, ತಡವಾದವರು ಮುಂದಿನದಕ್ಕೆ ಸರದಿಯ ಕೊನೆಗೆ ನಿಲ್ಲುತ್ತಾರೆ, ತಲೆ ಎಣಿಕೆ ಸರಿಹೋದ ಮೇಲೆ ಕಾವಲಿನವರು ಕೊನೆಯ ದೋಣಿಯಲ್ಲಿ ಬರುತ್ತಾರೆ. ಮಳೆಗಾಲ ಮುಗಿದು ದೋಣಿಗಳು ಮತ್ತೆ ಶುರುವಾಗುವಾಗ, ಮರಳುವ ಹೊತ್ತನ್ನು ಟಿಕೆಟಿನ ಮೇಲೆಯೇ ದೊಡ್ಡ ಅಕ್ಷರದಲ್ಲಿ ಕನ್ನಡ, ಮಲಯಾಳ, ಹಿಂದಿ, ಇಂಗ್ಲಿಷ್‌ಗಳಲ್ಲಿ ಅಚ್ಚು ಹಾಕಿಸಬೇಕೆಂದು ಕೇಳಿಕೊಂಡಿದ್ದೇನೆ.